ಏಳು ದಿನಕ್ಕೆ ಯಾರೂ ಗೌಂಡಿ ಆಗುವುದಿಲ್ಲ

ನಿಮ್ಮ ಫೋನಿಗೂ ಇಂಥ ಮೆಸೇಜ್ ಬಂದಿರುತ್ತದೆ. ಏಳು ದಿನ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿಯ ಕಿಟ್, ಆಮೇಲೆ ಅಡಮಾನ ಇಲ್ಲದೆ ಒಂದು ಲಕ್ಷ ಸಾಲ. ಕೊನೆಗೆ ಒಂದು ಸಾಲು: ಇನ್ನೊಬ್ಬರ ಕೈಕೆಳಗೆ ಯಾಕೆ ದುಡಿಯುತ್ತೀರಿ, ನೀವೇ ಮಾಲೀಕರಾಗಿ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ಇದನ್ನು ಒಬ್ಬರಿಂದೊಬ್ಬರಿಗೆ ಕಳಿಸುತ್ತಾರೆ. ಡಿಗ್ರಿ ಮುಗಿಸಿ ಎರಡು ವರ್ಷ ಪೊಲೀಸ್, ಪಿಡಿಒ ಪರೀಕ್ಷೆ ಬರೆದು ಸೋತವರಿಗೆ ಇದು ಬಾಗಿಲು ತೆರೆದ ಹಾಗೆ ಕಾಣುತ್ತದೆ. ಗೌಂಡಿ ಕೆಲಸ, ಟೈಲ್ಸ್, ಪ್ಲಂಬಿಂಗ್, ಪೇಂಟಿಂಗ್, ಏನಾದರೂ ಒಂದು ಕಲಿತು ಸ್ವಂತ ಕೆಲಸ ಹಿಡಿಯೋಣ ಎನ್ನುವ ಆಸೆ ಹುಟ್ಟುತ್ತದೆ. ಆ ಆಸೆ ಸರಿಯಾದದ್ದೇ. ಅದನ್ನು ನಾವು ಎತ್ತಿ ಹಿಡಿಯುತ್ತೇವೆ. ನಮ್ಮ ಜಗಳ ಇರುವುದು ಆ ಏಳು ದಿನದ ಜೊತೆ.

ನಾವು ಹೇಳುವುದು ಇಷ್ಟೇ. ಕಟ್ಟಡದ ಕಸುಬು ಕೈಗೆ ಹತ್ತಲು ಎರಡು ಮೂರು ವರ್ಷ ಬೇಕು. ಕಿಟ್‌ಗೆ ದುಡ್ಡಿದೆ, ಸಾಲಕ್ಕೆ ದುಡ್ಡಿದೆ, ಮೇಳದ ಬ್ಯಾನರಿಗೂ ದುಡ್ಡಿದೆ. ಆ ಎರಡು ಮೂರು ವರ್ಷ ಕಲಿಯುವವರ ಹೊಟ್ಟೆಗೆ, ಕಲಿಸುವ ಮೇಸ್ತ್ರಿಯ ಸಮಯಕ್ಕೆ ಮಾತ್ರ ಯಾರೂ ದುಡ್ಡು ಇಟ್ಟಿಲ್ಲ. ಇಟ್ಟಿಲ್ಲದಿದ್ದರೆ ಆಗುವುದು ಏನು? ಅರ್ಧ ಕಲಿತ ಹುಡುಗ, ಪೂರ್ತಿ ಸಾಲ, ಬಿರುಕು ಬಿಟ್ಟ ಗೋಡೆ.

ಯೋಜನೆ ಹೇಳಿದ್ದೇನು, ಊರಿಗೆ ಕೇಳಿಸಿದ್ದೇನು

ಮೆಸೇಜಿನಲ್ಲಿರುವ ಅಂಕಿಗಳು ಪಿಎಂ ವಿಶ್ವಕರ್ಮ ಯೋಜನೆಯವು. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. ಐದರಿಂದ ಏಳು ದಿನದ, ಅಂದರೆ 40 ಗಂಟೆಯ ಮೂಲ ತರಬೇತಿ. ಬೇಕಾದವರಿಗೆ ಮುಂದೆ 15 ದಿನದ ತರಬೇತಿ. ಕಿಟ್‌ಗೆ 15,000. ಮೊದಲ ಕಂತಿನ ಸಾಲ ಒಂದು ಲಕ್ಷ, ಶೇಕಡಾ 5ರ ಬಡ್ಡಿ, 18 ತಿಂಗಳಲ್ಲಿ ತೀರಿಸಬೇಕು.

ನ್ಯಾಯವಾಗಿ ಹೇಳಬೇಕೆಂದರೆ, ಹೊಸಬರನ್ನು ಗೌಂಡಿ ಮಾಡುತ್ತೇವೆ ಎಂದು ಈ ಯೋಜನೆ ಎಲ್ಲೂ ಹೇಳಿಲ್ಲ. ಈಗಾಗಲೇ ಕೈಯಲ್ಲಿ ಕಸುಬು ಇರುವವರಿಗೆ ಗುರುತು, ಉಪಕರಣ, ಸಾಲ ಕೊಡುವುದು ಅದರ ಉದ್ದೇಶ. ಇಪ್ಪತ್ತು ವರ್ಷ ಕರಣಿ ಹಿಡಿದವರಿಗೆ ಏಳು ದಿನ ಸಾಕು. ಅವರು ಹೊಸದೇನಾದರೂ ತಿಳಿದುಕೊಂಡು ಹೋಗುತ್ತಾರೆ.

ಊರಿಗೆ ಬರುವಷ್ಟರಲ್ಲಿ ಆ ಮಾತು ತಿರುಗಿಬಿಟ್ಟಿದೆ. ಕೇಳಿಸಿದ್ದು "ಏಳು ದಿನ ಹೋಗಿ ಬಂದರೆ ಲಕ್ಷ ಸಿಗ್ತೈತಿ" ಅಂತ. ಕರಣಿ ಮುಟ್ಟದವರೂ ಅರ್ಜಿ ಹಾಕುತ್ತಾರೆ. ಹೇಳಿ ಹಾಕಿಸುವ ಜನ ಇದ್ದಾರೆ, ನೂರಿನ್ನೂರು ತೆಗೆದುಕೊಂಡು ತುಂಬಿಕೊಡುವ ಜನ ಇದ್ದಾರೆ. "ಇವನಿಗೆ ಕೆಲಸ ಬರುತ್ತದಾ?" ಎಂದು ಕೇಳುವ ಜನ ಕಡಿಮೆ.

ಇನ್ನೊಂದು ವಿಷಯ. ಆ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ ಇದ್ದಾರೆ, ಬಡಗಿ ಇದ್ದಾರೆ, ಕಲ್ಲು ಒಡೆಯುವವರು, ಕೆತ್ತುವವರು ಇದ್ದಾರೆ. ಟೈಲ್ಸ್ ಹಾಕುವವರಿಲ್ಲ, ಪ್ಲಂಬರ್ ಇಲ್ಲ, ಎಲೆಕ್ಟ್ರಿಷಿಯನ್ ಇಲ್ಲ, ಪೇಂಟರ್ ಇಲ್ಲ, ಸೆಂಟ್ರಿಂಗ್ ಮಾಡುವವರಿಲ್ಲ, ರಾಡ್ ಕಟ್ಟುವವರಿಲ್ಲ. ಇವತ್ತು ಬಳ್ಳಾರಿಯಲ್ಲಿ ಎರಡಂತಸ್ತಿನ ಮನೆ ಕಟ್ಟುವವರು ಯಾರನ್ನೆಲ್ಲ ಹುಡುಕಿಕೊಂಡು ತಿರುಗುತ್ತಾರೆ ಎಂದು ನೀವೇ ಯೋಚಿಸಿ. ಪಟ್ಟಿಯಲ್ಲಿ ಇಲ್ಲದವರನ್ನೇ.

ಕೈಗೆ ಹತ್ತುವುದು ಅಂದರೇನು

"ಇಟ್ಟಿಗೆ ಮೇಲೆ ಇಟ್ಟಿಗೆ ಇಡೋದು, ಅದರಲ್ಲೇನೈತಿ ಕಲಿಯೋದು?" ಎಂದು ಕೇಳುವವರಿಗಾಗಿ ಈ ಭಾಗ.

ಸಿರುಗುಪ್ಪದ ಕಡೆ ಎರೆಭೂಮಿ. ಮಳೆ ಬಂದರೆ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ನೆಲದ ಮೇಲೆ ಮೂರಡಿ ತೋಡಿ ಪಾಯ ಹಾಕಿದರೆ ಎರಡು ಮಳೆಗಾಲದಲ್ಲಿ ಗೋಡೆ ಸೀಳುತ್ತದೆ. ಎರೆ ದಾಟಿ ಗರಸು ಸಿಗುವ ತನಕ ತೋಡಬೇಕು, ಇಲ್ಲವೇ ಬೇರೆ ಥರದ ಪಾಯ ಹಾಕಬೇಕು. ಎಷ್ಟು ಆಳಕ್ಕೆ ಗರಸು ಸಿಗುತ್ತದೆ ಎನ್ನುವುದು ಕಾಲುವೆ ಪಕ್ಕದ ಹೊಲದಲ್ಲಿ ಒಂದು ಲೆಕ್ಕ, ಊರೊಳಗೆ ಇನ್ನೊಂದು ಲೆಕ್ಕ. ಕುರುಗೋಡಿನ ಗುಡ್ಡದ ಬದಿಗೆ ಬಂದರೆ ಕಥೆಯೇ ಬೇರೆ. ಅಲ್ಲಿ ಬಂಡೆ. ಒಂದು ಮೂಲೆ ಬಂಡೆಯ ಮೇಲೆ, ಇನ್ನೊಂದು ಮೂಲೆ ಮಣ್ಣಿನ ಮೇಲೆ ಕೂತರೆ ಮಣ್ಣಿನ ಕಡೆ ಮನೆ ಇಳಿಯುತ್ತದೆ. ಬಳ್ಳಾರಿ ನಗರದೊಳಗೆ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಪಕ್ಕದ ಮನೆಯ ಗೋಡೆಗೆ ಪೆಟ್ಟಾಗದ ಹಾಗೆ ಪಾಯ ತೋಡುವುದು ಮತ್ತೊಂದು ವಿದ್ಯೆ. ಒಂದೇ ಜಿಲ್ಲೆ, ಮೂರು ನೆಲ. ಯಾವ ತರಬೇತಿ ಕೋಣೆಯಲ್ಲಿ ಇದನ್ನು ಏಳು ದಿನಕ್ಕೆ ಕಲಿಸುತ್ತಾರೆ?

ನೆಲ ಬಿಟ್ಟು ಮೇಲೆ ಬನ್ನಿ. ಮೂಲೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಂದು ಬದಿ ಮೂರಡಿ, ಇನ್ನೊಂದು ಬದಿ ನಾಲ್ಕಡಿ ಗುರುತು ಹಾಕಿ, ನಡುವಿನ ಓರೆ ಅಳತೆ ಸರಿಯಾಗಿ ಐದಡಿ ಬರುತ್ತದಾ ನೋಡಬೇಕು. ಇದನ್ನು ಐದು ನಿಮಿಷದಲ್ಲಿ ಹೇಳಿಕೊಡಬಹುದು. ಬಿಸಿಲಲ್ಲಿ, ಮಾಲೀಕರು ಅವಸರ ಮಾಡುವಾಗ, ದಾರ ಸಡಿಲಾದಾಗ ಅದನ್ನು ಪ್ರತಿ ಮೂಲೆಗೂ ತಪ್ಪದೆ ಮಾಡುವ ಅಭ್ಯಾಸ ಐದು ನಿಮಿಷದಲ್ಲಿ ಬರುವುದಿಲ್ಲ. ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯಾ ನೋಡುವುದು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುವುದು, ಬಾತ್‌ರೂಮಿನ ಟೈಲ್ಸ್ ಕೆಳಗೆ ನೀರು ಜಾಲರಿಯ ಕಡೆಗೇ ಓಡುವಷ್ಟು ಇಳಿಜಾರು ಕೊಡುವುದು, ಎಲ್ಲವೂ ಹಾಗೆಯೇ.

ನೀರು ಹೊಡೆಯುವುದನ್ನೇ ನೋಡಿ. ಈಗ ಹೆಚ್ಚಾಗಿ ಸಿಗುವ ಪಿಪಿಸಿಯಂಥ ಮಿಶ್ರ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ತೇವ ಇರಬೇಕು ಎನ್ನುತ್ತದೆ ನಮ್ಮ ದೇಶದ ಮಾನದಂಡ, ಐಎಸ್ 456. ಬಳ್ಳಾರಿಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸ್ಲ್ಯಾಬ್ ಹಾಕಿದ ಮೂರನೇ ದಿನಕ್ಕೆ ನೀರು ನಿಲ್ಲಿಸಿದರೆ ಆ ಸ್ಲ್ಯಾಬಿಗೆ ಬರಬೇಕಾದ ಗಟ್ಟಿತನ ಬರುವುದಿಲ್ಲ. ಅದು ಅವತ್ತು ಕಾಣುವುದೂ ಇಲ್ಲ. ಐದು ವರ್ಷದ ಮೇಲೆ ರಾಡ್ ತುಕ್ಕು ಹಿಡಿದು ಕಾಂಕ್ರೀಟ್ ಉದುರುವಾಗ ಕಾಣುತ್ತದೆ. ಆಗ ಮೇಸ್ತ್ರಿ ಎಲ್ಲಿರುತ್ತಾನೋ, ಕಿಟ್ ಕೊಟ್ಟವರು ಎಲ್ಲಿರುತ್ತಾರೋ.

ಬಳ್ಳಾರಿಯವರಿಗೆ ಕೋಟೆಯ ಕಥೆ ಗೊತ್ತಿದೆ. ಹೈದರಾಲಿಗಾಗಿ ಬೆಟ್ಟದ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಇಂಜಿನಿಯರನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇರುವುದನ್ನು ಗಮನಿಸಲಿಲ್ಲ ಎಂದು ಗಲ್ಲಿಗೆ ಹಾಕಿಸಿದರಂತೆ. ಕಥೆಯಲ್ಲಿ ಎಷ್ಟು ನಿಜವೋ, ಜನ ಅದನ್ನು ಇನ್ನೂ ಹೇಳುತ್ತಾರೆ. ಕಟ್ಟಿದ ಮೇಲೆ ಕಾಣುವ ತಪ್ಪಿಗೆ ಕ್ಷಮೆ ಇಲ್ಲ ಎನ್ನುವುದು ಅದರ ಸಾರ. ನಮ್ಮ ಊರಿನದೇ ಜೀನ್ಸ್ ಕೆಲಸದಲ್ಲಿ ಕಲಿಯುವವನು ಹೊಲಿಗೆ ತಪ್ಪಿದರೆ ಒಂದು ಪ್ಯಾಂಟು ಹೋಗುತ್ತದೆ, ಬಿಚ್ಚಿ ಹೊಲಿಯಬಹುದು. ಗೋಡೆಯನ್ನು ಬಿಚ್ಚಿ ಹೊಲಿಯಲು ಬರುವುದಿಲ್ಲ. ಬಡವರ ಜೀವಮಾನದ ಉಳಿತಾಯ ಅದರೊಳಗಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಸಿರುಗುಪ್ಪದ ಭತ್ತದವರ ಎದೆ ಒಡೆದಿತ್ತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದ್ದು ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದ ತಂಡ. ಒಂದು ವಾರದಲ್ಲಿ ಮುಗಿಸಿದರು. ಏಳು ದಿನದಲ್ಲಿ ಅಂಥ ಕೆಲಸ ಆಗುತ್ತದೆ, ಆದರೆ ಜೀವಮಾನವೆಲ್ಲ ಕಬ್ಬಿಣದ ಜೊತೆ ಕಳೆದ ಕೈಗಳು ಇದ್ದರೆ ಮಾತ್ರ. ಆ ಕೈಗಳನ್ನು ಯಾವ ಶಿಬಿರವೂ ತಯಾರಿಸಿರಲಿಲ್ಲ.

ಕಲಿಸುವವರಿಗೆ ಏನು ಲಾಭ?

ಹಾಗಾದರೆ ಈಗ ನಮ್ಮಲ್ಲಿ ಗೌಂಡಿಗಳು ಹೇಗೆ ತಯಾರಾಗುತ್ತಾರೆ? ನೋಡಿ ನೋಡಿ, ಬೈಸಿಕೊಂಡು. ಮೊದಲು ಮರಳು ಸೋಸುವುದು, ಸಿಮೆಂಟ್ ಕಲಸುವುದು, ಬಾಣಲಿ ಹೊರುವುದು. ವರ್ಷ ಎರಡು ವರ್ಷ ಅದೇ. ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಕೂತಾಗ ಯಾರೂ ನೋಡದ ಹಾಗೆ ಕರಣಿ ಎತ್ತಿ ನಾಲ್ಕು ಇಟ್ಟಿಗೆ ಇಟ್ಟು ನೋಡುವುದು. ಮೇಸ್ತ್ರಿಯ ಮನಸ್ಸು ಒಳ್ಳೆಯದಿದ್ದರೆ ಒಂದು ದಿನ "ಬಾ, ಈ ಸಾಲು ನೀ ಕಟ್ಟು" ಎನ್ನುತ್ತಾರೆ. ಇಲ್ಲದಿದ್ದರೆ ಹತ್ತು ವರ್ಷ ಕಳೆದರೂ ಹೆಲ್ಪರ್ ಹೆಲ್ಪರೇ.

ಮೇಸ್ತ್ರಿಗಳನ್ನು ಬೈಯುವುದು ಸುಲಭ. ಅವರ ಕಡೆಯಿಂದಲೂ ನೋಡಬೇಕು. "ಇವತ್ತು ಕಲಿಸಿದ್ರ ನಾಳೆ ನನ್ನ ಎದುರಿಗೇ ನಿಂತು ರೇಟ್ ಕಡಿಮೆ ಹೇಳ್ತಾನ" ಎನ್ನುವ ಮಾತು ನಾವು ಹೋದಲ್ಲೆಲ್ಲ ಕೇಳಿದ್ದೇವೆ. ಅದು ಸುಳ್ಳಲ್ಲ. ಹೊಸಬ ಕಟ್ಟಿದ ಸೊಟ್ಟ ಗೋಡೆ ಕೆಡವಿ ಮತ್ತೆ ಕಟ್ಟಿದರೆ ಆ ದಿನದ ಕೂಲಿ, ಆ ಸಿಮೆಂಟು ಮೇಸ್ತ್ರಿಯ ತಲೆಗೇ. ಕಲಿಸುವುದರಿಂದ ನಷ್ಟ, ಕಲಿಸದಿದ್ದರೆ ಕಡಿಮೆ ಕೂಲಿಗೆ ಬಾಣಲಿ ಹೊರುವ ಕೈ. ಯಾರಾದರೂ ಯಾವುದನ್ನು ಆರಿಸಿಕೊಳ್ಳುತ್ತಾರೆ?

ಸರ್ಕಾರದ ಬಳಿ ಇದಕ್ಕೆ ಕಾನೂನು ಇದೆ. 1961ರ ಅಪ್ರೆಂಟಿಸ್ ಕಾಯ್ದೆ. ಕಲಿಯುವವರಿಗೆ ಸ್ಟೈಪೆಂಡ್ ಕೊಡಿ ಎನ್ನುತ್ತದೆ. 2016ರಿಂದ ಕೇಂದ್ರ ಸರ್ಕಾರ ಆ ಸ್ಟೈಪೆಂಡಿನ ಶೇಕಡಾ 25ನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ತಾನು ಭರಿಸುವ ಯೋಜನೆಯನ್ನೂ ತಂದಿತು. ಆದರೆ 30 ಜನಕ್ಕಿಂತ ಕಡಿಮೆ ಇರುವ ಸಂಸ್ಥೆಗಳಿಗೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯವಲ್ಲ, 4 ಜನಕ್ಕಿಂತ ಕಡಿಮೆ ಇದ್ದರೆ ಅವಕಾಶವೇ ಇಲ್ಲ. ಇಬ್ಬರು ಹೆಲ್ಪರ್ ಇಟ್ಟುಕೊಂಡು ಬೈಕಿನಲ್ಲಿ ಓಡಾಡುವ ಕುರುಗೋಡಿನ ಮೇಸ್ತ್ರಿ ಆ ಕಾನೂನಿನ ಕಣ್ಣಿಗೆ ಕಾಣುವುದಿಲ್ಲ. ಕಸುಬು ನಿಜವಾಗಿ ಕಲಿಸುವ ಜಾಗ ಅದೊಂದೇ, ಅದಕ್ಕೇ ಕಾನೂನು ಮುಟ್ಟುವುದಿಲ್ಲ.

ಜರ್ಮನಿಯಲ್ಲಿ ಇಟ್ಟಿಗೆ ಗೌಂಡಿ ಆಗಬೇಕಾದರೆ ಮೂರು ವರ್ಷ. ವಾರದ ಕೆಲವು ದಿನ ಕೆಲಸದ ಜಾಗದಲ್ಲಿ, ಉಳಿದ ಸಮಯ ಶಾಲೆಯಲ್ಲಿ. ಮೂರೂ ವರ್ಷ ಸಂಬಳ ಸಿಗುತ್ತದೆ, ವರ್ಷದಿಂದ ವರ್ಷಕ್ಕೆ ಏರುತ್ತದೆ. ಸ್ವಂತ ಗುತ್ತಿಗೆ ಶುರುಮಾಡಲು ಸಾಮಾನ್ಯವಾಗಿ ಅದರ ಮೇಲೆ ಮತ್ತೊಂದು ದೊಡ್ಡ ಪರೀಕ್ಷೆ ಪಾಸಾಗಬೇಕು. ಟೈಲ್ಸ್ ಕೆಲಸಕ್ಕೆ ಆ ಪರೀಕ್ಷೆ ಬೇಡ ಎಂದು 2004ರಲ್ಲಿ ಸಡಿಲಿಸಿ ನೋಡಿದರು. 2020ರಲ್ಲಿ ಮತ್ತೆ ಕಡ್ಡಾಯ ಮಾಡಿದರು. ಅಷ್ಟು ಶ್ರೀಮಂತ ದೇಶಕ್ಕೆ ಮೂರು ವರ್ಷ ಬೇಕಾದ ವಿದ್ಯೆ ನಮಗೆ 40 ಗಂಟೆಯಲ್ಲಿ ಬರುತ್ತದೆಯೇ? ಅಲ್ಲಿಯ ಪರೀಕ್ಷೆಯನ್ನು ಇಲ್ಲಿ ತನ್ನಿ ಎಂದು ನಾವು ಹೇಳುತ್ತಿಲ್ಲ. ತಂದರೆ ಅಕ್ಷರ ಬಾರದ ಒಳ್ಳೆಯ ಗೌಂಡಿಗಳೇ ಮೊದಲು ಹೊರಗೆ ಬೀಳುತ್ತಾರೆ. ಸಂಬಳ ಕೊಟ್ಟು ಕಲಿಸುವ ಆ ಮೂರು ವರ್ಷವನ್ನು ತನ್ನಿ ಎನ್ನುತ್ತಿದ್ದೇವೆ.

ಬಾಣಲಿ ಹೊರುವ ಅಕ್ಕಂದಿರು

ಯಾವ ಕಟ್ಟಡದ ಹತ್ತಿರ ಬೇಕಾದರೂ ಹೋಗಿ ನಿಲ್ಲಿ. ತಲೆಯ ಮೇಲೆ ಬಾಣಲಿ ಹೊತ್ತವರಲ್ಲಿ ಹೆಂಗಸರು ಎಷ್ಟು, ಕರಣಿ ಹಿಡಿದವರಲ್ಲಿ ಎಷ್ಟು, ಎಣಿಸಿ. ಎರಡನೆಯ ಎಣಿಕೆಗೆ ಬೆರಳು ಬೇಕಾಗುವುದಿಲ್ಲ. ಹದಿನೈದು ವರ್ಷ ಕಟ್ಟಡದಲ್ಲಿ ದುಡಿದ ಅಕ್ಕನಿಗೆ ಯಾವ ಹದಕ್ಕೆ ಸಿಮೆಂಟ್ ಕಲಸಬೇಕು ಎನ್ನುವುದು ಹೊಸ ಗೌಂಡಿಗಿಂತ ಚೆನ್ನಾಗಿ ಗೊತ್ತು. ಆದರೂ ಅವರ ಕೂಲಿ ಅಷ್ಟೇ, ಜಾಗವೂ ಅಷ್ಟೇ.

"ಹೆಂಗಸರಿಗೆ ಆಗಲ್ಲ" ಎನ್ನುವವರು ಝಾರ್ಖಂಡ್ ನೋಡಲಿ. ಸ್ವಚ್ಛ ಭಾರತದ ಶೌಚಾಲಯ ಕಟ್ಟುವಾಗ ಅಲ್ಲಿ ಗೌಂಡಿಗಳು ಸಾಲಲಿಲ್ಲ. ಸ್ವಸಹಾಯ ಸಂಘದ ಹೆಂಗಸರಿಗೇ ಕೆಲಸ ಕಲಿಸಿದರು. ಅವರನ್ನು ರಾಣಿ ಮಿಸ್ತ್ರಿ ಎಂದು ಕರೆದರು. ನಮ್ಮ ಸಂಘಗಳಿಗೆ ಉಪ್ಪಿನಕಾಯಿ, ಅಗರಬತ್ತಿ ಬಿಟ್ಟು ಬೇರೆ ತರಬೇತಿ ಯಾಕೆ ಹೊಳೆಯುವುದಿಲ್ಲ? ಟೈಲ್ಸ್ ಕೆಲಸ, ಪುಟ್ಟಿ ಹಚ್ಚಿ ಪೇಂಟ್ ಮಾಡುವ ಕೆಲಸ, ಇವಕ್ಕೆ ಬೇಕಾದದ್ದು ತಾಳ್ಮೆ, ನಿಖರತೆ. ಯಾರಿಗೆ ಅದು ಕಡಿಮೆ ಇದೆ ಎಂದು ನಾವು ಹೇಳಬೇಕಾಗಿಲ್ಲ.

ಸ್ವಂತ ಕೆಲಸದ ಲೆಕ್ಕ

ಕಸುಬು ಬಂತು ಎಂದೇ ಇಟ್ಟುಕೊಳ್ಳೋಣ. "ನೀವೇ ಮಾಲೀಕರಾಗಿ" ಎನ್ನುವವರು ಯಾರೂ ಈ ಲೆಕ್ಕ ಹೇಳಿಕೊಡುವುದಿಲ್ಲ. ಕೆಳಗಿನ ರೇಟುಗಳು ಬರೀ ಲೆಕ್ಕಕ್ಕೆ ಹಾಕಿದ್ದು. ನಿಮ್ಮ ಊರಿನ ರೇಟು ಹಾಕಿ ನೋಡಿ.

ಒಂದು ಮನೆಯ 1,000 ಚದರಡಿ ಗೋಡೆಗೆ ಪ್ಲಾಸ್ಟರ್. ಸಾಮಾನು ಮಾಲೀಕರದು, ಕೂಲಿ ಮಾತ್ರ ನಿಮ್ಮದು. ಚದರಡಿಗೆ 25 ರೂಪಾಯಿಯಂತೆ ಒಪ್ಪಿಕೊಂಡಿರಿ. ಬರುವುದು 25,000.

ಒಬ್ಬ ಗೌಂಡಿ, ಇಬ್ಬರು ಹೆಲ್ಪರ್ ಸೇರಿ ದಿನಕ್ಕೆ 100 ಚದರಡಿ ಮಾಡಿದರೆ 10 ದಿನ. ಗೌಂಡಿಗೆ 900, ಹೆಲ್ಪರ್‌ಗಳಿಗೆ 600 ಮತ್ತು 500. ದಿನಕ್ಕೆ 2,000, ಹತ್ತು ದಿನಕ್ಕೆ 20,000. ಉಳಿದದ್ದು 5,000.

ಅಟ್ಟಣೆ ಬಾಡಿಗೆ, ಪೆಟ್ರೋಲ್, ಚಹಾ ಸೇರಿ 1,500. ಉಪಕರಣದ ಸವಕಳಿ 500. ಮರಳಿನ ಲಾರಿ ಬರದೆ ಒಂದು ದಿನ ಎಲ್ಲರೂ ಸುಮ್ಮನೆ ಕೂತರೆ ಆ ದಿನದ ಕೂಲಿ 2,000. ಕೊನೆಗೆ ಉಳಿದದ್ದು 1,000 ರೂಪಾಯಿ.

ನೀವೇ ಆ ಗೌಂಡಿ ಆಗಿದ್ದರೆ ದಿನದ 900 ನಿಮ್ಮ ಜೇಬಿಗೇ ಬರುತ್ತದೆ. ಅದು ನಿಮ್ಮ ಬೆವರಿನ ಕೂಲಿ, ಇನ್ನೊಬ್ಬರ ಹತ್ತಿರ ಹೋದರೂ ಸಿಗುತ್ತಿತ್ತು. ಮಾಲೀಕರಾಗಿದ್ದಕ್ಕೆ ಸಿಕ್ಕಿದ್ದು ಆ 1,000 ಮಾತ್ರ. ಈಗ ಇನ್ನೊಬ್ಬ ಹೊಸಬ ಬಂದು 23ಕ್ಕೆ ಮಾಡುತ್ತೇನೆ ಎನ್ನುತ್ತಾನೆ, ನೀವೂ 23ಕ್ಕೆ ಇಳಿಯುತ್ತೀರಿ. ಎರಡು ರೂಪಾಯಿ ತಾನೇ? ಬರುವುದು 23,000. ಖರ್ಚು ಅಷ್ಟೇ. ಕೈಯಿಂದ 1,000 ಹೋಯಿತು.

ಒಂದು ಲಕ್ಷ ಸಾಲವನ್ನು ಶೇಕಡಾ 5ರ ಬಡ್ಡಿಯಲ್ಲಿ 18 ತಿಂಗಳಿಗೆ ಹಂಚಿದರೆ ತಿಂಗಳ ಕಂತು ಸುಮಾರು 5,780 ರೂಪಾಯಿ. ಹತ್ತು ದಿನದ ಕೆಲಸಕ್ಕೆ 1,000 ಉಳಿದರೆ ತಿಂಗಳಿಗೆ 3,000. ಕಂತು ಎಲ್ಲಿಂದ ಕಟ್ಟುತ್ತೀರಿ? ನಿಮ್ಮ ಕೂಲಿಯಿಂದ, ಅಂದರೆ ಮನೆಯ ಅಕ್ಕಿ ಬೇಳೆಯಿಂದ. ಬಡ್ಡಿ ಕಡಿಮೆ ಇರಬಹುದು, ಆದರೆ ಕೆಲಸ ಬರುವ ಮೊದಲೇ ಬಂದ ಸಾಲ ಸಾಲವೇ.

ಇನ್ನೂ ಇದೆ. ಕಿಟಕಿ ಬಾಗಿಲಿನ ಜಾಗ ಕಳೆದು ಅಳೆಯುವುದೋ, ಸೇರಿಸಿ ಅಳೆಯುವುದೋ ಎಂದು ಮೊದಲೇ ಮಾತಾಡದಿದ್ದರೆ ಕೊನೆಗೆ ಜಗಳ. ಕೊನೆಯ ಕಂತಿಗೆ "ಆಮೇಲೆ ನೋಡೋಣ ಬಿಡ್ರಿ ಮೇಸ್ತ್ರಿ" ಎಂದು ತಿಂಗಳುಗಟ್ಟಲೆ ತಿರುಗಿಸುವ ಮಾಲೀಕರು ಎಲ್ಲ ಊರಲ್ಲೂ ಇದ್ದಾರೆ. ಹೆಲ್ಪರ್‌ಗಳಿಗೆ ಮಾತ್ರ ಶನಿವಾರ ಸಂಜೆ ದುಡ್ಡು ಕೊಡಲೇಬೇಕು. ಸಾಮಾನು ಸಮೇತ ಮನೆ ಒಪ್ಪಿಕೊಂಡರೆ ವರ್ಷದ ವಹಿವಾಟು 20 ಲಕ್ಷ ದಾಟುವುದು ಕಷ್ಟವಲ್ಲ, ದಾಟಿದರೆ ಜಿಎಸ್‌ಟಿ ನೋಂದಣಿ. ವೈರಿಂಗ್ ಕೆಲಸ ಹಿಡಿಯುವವರಿಗೆ ಪರವಾನಗಿ ಬೇಕು, ಪರವಾನಗಿ ಇರುವ ಗುತ್ತಿಗೆದಾರರ ವರದಿ ಇಲ್ಲದೆ ಜೆಸ್ಕಾಂನಿಂದ ಮೀಟರ್ ಸಿಗುವುದಿಲ್ಲ. ಇವೆಲ್ಲ ಕಸುಬಿನ ಭಾಗವೇ. ಅಳತೆ ಪುಸ್ತಕ ಬರೆಯಲು ಬಾರದ ಒಳ್ಳೆಯ ಗೌಂಡಿ ಒಳ್ಳೆಯ ಗುತ್ತಿಗೆದಾರ ಆಗುವುದಿಲ್ಲ.

ದುಡ್ಡು ಇಲ್ಲ ಎನ್ನಬೇಡಿ

ಕಲಿಯುವ ವರ್ಷಗಳಿಗೆ ಕೊಡಲು ಸರ್ಕಾರದ ಬಳಿ ದುಡ್ಡೆಲ್ಲಿದೆ ಎಂದು ಕೇಳಬಹುದು. ಇದೆ, ಅದೂ ಕಟ್ಟಡದಿಂದಲೇ ಬಂದ ದುಡ್ಡು. 1996ರ ಕಾಯ್ದೆಯಿಂದ ಶುರುವಾದ ಸೆಸ್ ಪ್ರಕಾರ ನಮ್ಮ ರಾಜ್ಯದಲ್ಲಿ ಕಟ್ಟಡದ ವೆಚ್ಚದ ಶೇಕಡಾ 1 ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. ಬಡವರು ಸ್ವಂತಕ್ಕೆ ಕಟ್ಟುವ ಸಣ್ಣ ಮನೆಗೆ ಇಲ್ಲ. ಸರ್ಕಾರಿ ಶಾಲೆಯ ಕೋಣೆ, ರಸ್ತೆ, ಸೇತುವೆಗೆ ಉಂಟು.

2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಸೆಸ್ ಬಗ್ಗೆ ತೀರ್ಪು ಕೊಟ್ಟಾಗ ದೇಶದಲ್ಲಿ ಒಟ್ಟು 37,400 ಕೋಟಿಗೂ ಹೆಚ್ಚು ಸಂಗ್ರಹವಾಗಿತ್ತು, ಕಾರ್ಮಿಕರಿಗಾಗಿ ಬಳಸಿದ್ದು ಸುಮಾರು 9,500 ಕೋಟಿ. ಆ ದುಡ್ಡಿನಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಕೊಂಡ ವಿಷಯವೂ ಕೋರ್ಟಿನ ಮುಂದೆ ಬಂತು. ನಮ್ಮ ರಾಜ್ಯದ ಮಂಡಳಿಯಲ್ಲಿ ಶ್ರಮ ಸಾಮರ್ಥ್ಯ ಎಂಬ ತರಬೇತಿ ಮತ್ತು ಟೂಲ್ ಕಿಟ್ ಯೋಜನೆ ಇದೆ. ಅಲ್ಲಿಯೂ ಕಿಟ್! ಎರಡು ವರ್ಷ ಒಬ್ಬ ಮೇಸ್ತ್ರಿಯ ಜೊತೆ ಕಲಿಯುವವರಿಗೆ ತಿಂಗಳ ಸ್ಟೈಪೆಂಡ್ ಕೊಡಲು ಈ ದುಡ್ಡಿಗಿಂತ ಸರಿಯಾದ ದುಡ್ಡು ಯಾವುದು?

ಯುವನಿಧಿ ನೋಡಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಎರಡು ವರ್ಷದ ತನಕ. ಒಟ್ಟು 72,000. ಅದು ಬೇಡ ಎನ್ನುವವರು ನಾವಲ್ಲ. ಆದರೆ ಕಾಯುವುದಕ್ಕೆ 24 ತಿಂಗಳು ದುಡ್ಡು ಕೊಡಲು ಒಪ್ಪಿದ ಸರ್ಕಾರ ಕಲಿಯುವುದಕ್ಕೆ 24 ತಿಂಗಳು ಕೊಡಲು ಯಾಕೆ ಒಪ್ಪಬಾರದು?

ಕಲಿಸುವ ಸಂಸ್ಥೆಗಳೂ ಹೊಸದಾಗಿ ಬೇಕಿಲ್ಲ. ಜಿಲ್ಲೆಗೊಂದು ನಿರ್ಮಿತಿ ಕೇಂದ್ರ ಇದೆ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲನೆಯದು ಶುರುವಾದಾಗ ಕಡಿಮೆ ಖರ್ಚಿನ ಕಟ್ಟಡ ಕಟ್ಟುವುದರ ಜೊತೆಗೆ ಸ್ಥಳೀಯ ಗೌಂಡಿಗಳಿಗೆ ಕಲಿಸುವುದೂ ಅದರ ಉದ್ದೇಶವಾಗಿತ್ತು. ಇವತ್ತು ನಿರ್ಮಿತಿ ಕೇಂದ್ರ ಎಂದರೆ ಜನರಿಗೆ ನೆನಪಾಗುವುದು ಸರ್ಕಾರಿ ಕಟ್ಟಡ ಕಟ್ಟುವ ಏಜೆನ್ಸಿ. ಕಟ್ಟಲಿ. ಪ್ರತಿ ಕಟ್ಟಡದಲ್ಲೂ ನಾಲ್ಕು ಕಲಿಯುವವರನ್ನು ಇಟ್ಟುಕೊಂಡು ಕಟ್ಟಲಿ.

ಇನ್ನೊಂದು ಮಾದರಿ ನಮ್ಮ ರಾಜ್ಯದಲ್ಲೇ ಹುಟ್ಟಿದ್ದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ. ಅದನ್ನು ನೋಡಿಯೇ ದೇಶದಲ್ಲಿ ಜಿಲ್ಲೆಗೊಂದು ಆರ್‌ಸೆಟಿ ಬಂತು. ಊಟ ವಸತಿ ಉಚಿತ, ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಲ್ಲಬೇಕು ಎನ್ನುವ ನಿಯಮ. ಅಲ್ಲಿ ಅಳತೆ, ಲೆಕ್ಕ, ಬ್ಯಾಂಕಿನ ವ್ಯವಹಾರ ಕಲಿಸಲಿ. ಕೈಯ ಕೆಲಸವನ್ನು ಮೇಸ್ತ್ರಿಯ ಹತ್ತಿರ ಕಲಿಯಲಿ. ಎರಡೂ ಸೇರಿದರೆ ಒಬ್ಬ ಗುತ್ತಿಗೆದಾರ ತಯಾರಾಗುತ್ತಾನೆ, ತಯಾರಾಗುತ್ತಾಳೆ.

ನಮಗೆ ಎದುರು ಹೇಳುವವರಿಗೆ

"ಡಿಗ್ರಿ ಮಾಡಿ ಕರಣಿ ಹಿಡೀತಿಯೇನಪ್ಪಾ?" ಎನ್ನುವ ಅಪ್ಪ ಅಮ್ಮಂದಿರೇ, ನಿಮ್ಮ ನೋವು ನಮಗೆ ಅರ್ಥವಾಗುತ್ತದೆ. ನಿಮ್ಮ ಬೆನ್ನು ಬಾಗಿದ್ದು ಮಗನ ಬೆನ್ನು ಬಾಗದಿರಲಿ ಎಂದು. ಆದರೆ ಬಸವ ಜಯಂತಿಗೆ ಕಾಯಕದ ಭಾಷಣ ಕೇಳಿ ಚಪ್ಪಾಳೆ ಹೊಡೆಯುವ ನಾವು ಮರುದಿನ ಗೌಂಡಿಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತೇವೆ. ಇದನ್ನು ಯಾವಾಗ ಬಿಡುತ್ತೇವೆ? ಮಗ ಕರಣಿ ಹಿಡಿಯುವುದರಲ್ಲಿ ಅವಮಾನ ಇಲ್ಲ. ಕಲಿಯದೆ ಹಿಡಿದರೆ ಅವಮಾನ ಖಂಡಿತ ಇದೆ.

"ಇದು ಅವರವರ ಹುಟ್ಟು ಕಸುಬು, ಹೊಸಬರಿಗೆ ಬರಲ್ಲ" ಎನ್ನುವವರಿಗೆ: ತಲೆಮಾರುಗಳಿಂದ ಕಲ್ಲಿನ ಕೆಲಸ ಮಾಡಿದ ಭೋವಿ ಸಮುದಾಯದವರ ಕೈಯಲ್ಲಿ ಇರುವ ವಿದ್ಯೆ ರಕ್ತದಿಂದ ಬಂದದ್ದಲ್ಲ. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಕಲಿತದ್ದು. ಅದು ಜಾತಿಯ ಗುಣ ಎಂದುಬಿಟ್ಟರೆ ಅವರ ಹತ್ತು ವರ್ಷದ ಕಲಿಕೆಗೆ ಬೆಲೆಯೇ ಇಲ್ಲದ ಹಾಗಾಗುತ್ತದೆ. ಅದಕ್ಕೇ ಅವರಿಗೆ ಕೂಲಿ ಮಾತ್ರ ಸಿಕ್ಕಿತು, ಗುರುವಿನ ಸ್ಥಾನ ಸಿಗಲಿಲ್ಲ. ಕುರುಗೋಡಿನ ದೊಡ್ಡ ಬಸವಣ್ಣನಿಗೆ ಕೈ ಮುಗಿಯುವಾಗ ಆ ಒಂದೇ ಕಲ್ಲನ್ನು ಕಡಿದ ಕೈಗಳನ್ನು ನೆನೆಯುವವರು ಎಷ್ಟು ಜನ?

"ಹೊರಗಿನವರು ಬಂದು ನಮ್ಮ ಕೆಲಸ ಕಿತ್ತುಕೊಂಡರು" ಎನ್ನುವವರಿಗೆ: ಗ್ರಾನೈಟ್, ಟೈಲ್ಸ್ ಕೆಲಸಕ್ಕೆ ಉತ್ತರದ ರಾಜ್ಯಗಳ ಹುಡುಗರು ಬರುತ್ತಾರೆ, ನಿಜ. ಅವರು ಕಿತ್ತುಕೊಂಡಿಲ್ಲ. ಅಣ್ಣನ ಜೊತೆ, ಮಾವನ ಜೊತೆ ವರ್ಷಗಟ್ಟಲೆ ಇದ್ದು ಕಲಿತು ಬಂದಿದ್ದಾರೆ. ನಮ್ಮ ಸಿರುಗುಪ್ಪದ ಹುಡುಗ ಬೆಂಗಳೂರಿಗೆ ಹೋಗಿ ಬಾಣಲಿ ಹೊರುವಾಗ ಅವನೂ ಅಲ್ಲಿ ಹೊರಗಿನವನೇ.

ಏನು ಮಾಡಬೇಕು

ಸರ್ಕಾರದಿಂದ ನಾವು ಕೇಳುವುದು ನಾಲ್ಕು. ಒಂದು, ನೋಂದಾಯಿತ ಮೇಸ್ತ್ರಿಯ ಜೊತೆ ಎರಡು ವರ್ಷ ಕಲಿಯುವವರಿಗೆ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ತಿಂಗಳ ಸ್ಟೈಪೆಂಡ್. ಎರಡು, ಕಲಿಸುವ ಮೇಸ್ತ್ರಿಗೂ ಗೌರವಧನ, ಪ್ರಮಾಣಪತ್ರ. ಮೂರು, ತಾಲ್ಲೂಕಿನ ಸರ್ಕಾರಿ ಕಟ್ಟಡಗಳಲ್ಲಿ ಕಲಿಯುವವರಿಗೆ ಕಡ್ಡಾಯ ಜಾಗ, ಅದರಲ್ಲಿ ಅರ್ಧ ಹೆಂಗಸರಿಗೆ. ನಾಲ್ಕು, ಸಾಲ ಕೊನೆಗೆ. ಒಬ್ಬರೇ ನಿಂತು ಒಂದು ಕೆಲಸ ಮುಗಿಸಿ ತೋರಿಸಿದ ಮೇಲೆ.

ಇವತ್ತೇ ಕಲಿಯಲು ಹೊರಟವರಿಗೆ ನಮ್ಮ ಮಾತು ಇದು. ಒಂದೇ ಕಸುಬು ಆರಿಸಿಕೊಳ್ಳಿ. ಕೂಲಿ ಐವತ್ತು ರೂಪಾಯಿ ಕಡಿಮೆ ಆದರೂ ಕರಣಿ ಮುಟ್ಟಲು ಬಿಡುವ ಮೇಸ್ತ್ರಿಯನ್ನು ಹುಡುಕಿ. ಯಾವತ್ತು, ಯಾವ ಕೆಲಸ, ಎಷ್ಟು ಅಡಿ, ಎಷ್ಟು ಚೀಲ, ಎಷ್ಟು ಜನ ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆಯಿರಿ. ಎರಡು ವರ್ಷದ ಮೇಲೆ ಆ ನೋಟ್‌ಬುಕ್ಕೇ ನಿಮಗೆ ರೇಟು ಹೇಳಿಕೊಡುತ್ತದೆ. ವರ್ಷಕ್ಕೆ 90 ದಿನ ಕೆಲಸ ಮಾಡಿದ್ದರೆ, ವಯಸ್ಸು 18 ದಾಟಿದ್ದರೆ ಕಾರ್ಮಿಕ ಕಾರ್ಡ್ ಮಾಡಿಸಿ. ಮೊದಲ ಸ್ವಂತ ಕೆಲಸ ಚಿಕ್ಕದಿರಲಿ: ಒಂದು ಕಾಂಪೌಂಡ್, ಒಂದು ಬಾತ್‌ರೂಮ್. ರೇಟು, ಅಳತೆ, ಕಂತು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಕೈಯಲ್ಲಿ ಎರಡು ವಾರದ ಕೂಲಿ ಇಲ್ಲದೆ ಗುತ್ತಿಗೆ ಒಪ್ಪಬೇಡಿ.

ಮುಂದಿನ ಗ್ರಾಮ ಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯ ಕಟ್ಟಡ ಕೆಲಸಗಳಿಂದ ಕಳೆದ ವರ್ಷ ಎಷ್ಟು ಸೆಸ್ ಹೋಯಿತು? ನಮ್ಮ ಊರಿನ ಎಷ್ಟು ಜನಕ್ಕೆ ಅದರಿಂದ ಕಸುಬು ಬಂತು? ಕಿಟ್ ತೆಗೆದುಕೊಂಡವರಲ್ಲಿ ಇವತ್ತು ಎಷ್ಟು ಜನ ಆ ಕೆಲಸ ಮಾಡುತ್ತಿದ್ದಾರೆ? ಬಾಯಿಮಾತಿನ ಉತ್ತರ ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದ ಪುಟದ ಫೋಟೋ ನಮಗೆ ಕಳಿಸಿ. ಸಿರುಗುಪ್ಪದ್ದು, ಕುರುಗೋಡಿನದು, ಬಳ್ಳಾರಿಯ ವಾರ್ಡುಗಳದ್ದು, ಬಂದಷ್ಟನ್ನೂ ಇಲ್ಲೇ ಹಾಕುತ್ತೇವೆ.